ಹೊತ್ತಿಸದ ಮರ

ಅಪ್ಪಾ,

ಇವತ್ತು ಗ್ರಂಥಾಲಯದ ಜಗುಲಿಯಲ್ಲಿ ನನ್ನ ದೀಪದ ಮರದ ಉದ್ಘಾಟನೆಯಿತ್ತು. ವೈರಿಂಗ್ ಕೆಲಸ ಮುಗಿಸಿ ಬಂದಾಗಲೆಲ್ಲ ನೀನು ಅಟ್ಟಕ್ಕೆ ಎಸೆಯುತ್ತಿದ್ದ ತಂತಿಯ ಚೂರುಗಳನ್ನು, ನೀನು ತೀರಿಕೊಂಡ ಮೇಲೆ ಇಳಿಸಿ ಕೊಂಬೆಗಳಾಗಿ ಹೆಣೆದಿದ್ದೆ. ಗುಜರಿಯಿಂದ ತಂದ ಹಸಿರು ಬಾಟಲಿಗಳನ್ನು ಕತ್ತರಿಸಿ ಎಲೆ ಮಾಡಿದ್ದೆ. ಒಂದೊಂದು ಎಲೆಯ ಹಿಂದೆಯೂ ಪುಟ್ಟ ಬಲ್ಬು. ತಿಂಗಳ ಹಿಂದೆಯೇ ಮರವನ್ನು ತಂದು ಜಗುಲಿಯಲ್ಲಿ ನಿಲ್ಲಿಸಿದ್ದೆ.

ಜನ ಸೇರಿದ್ದರು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಗ್ರಂಥಪಾಲಕಿ ಓಡಿ ಬಂದರು. "ತಡೀರಿ, ತಡೀರಿ! ಮೇಲಿನ ಕೊಂಬೇಲಿ ಗುಬ್ಬಚ್ಚಿ ಗೂಡು ಕಟ್ಟಿದೆ!"

ಏಣಿ ಹತ್ತಿ ನೋಡಿದೆ. ಮೊಟ್ಟೆಗಳ ಮೇಲೆ ಕೂತಿದ್ದ ತಾಯಿ ಗುಬ್ಬಿ, ಬಾಡಿಗೆ ವಸೂಲಿಗೆ ಬಂದವಳನ್ನು ನೋಡುವ ಹಾಗೆ ನನ್ನನ್ನು ದಿಟ್ಟಿಸಿತು.

"ಗೂಡು ತೆಗೆಸೋಣ್ವಾ?" ಎಂದು ಅತಿಥಿಯೊಬ್ಬರು ಕೇಳಿದರು.

"ಬಾಣಂತೀನ ಮನೆಯಿಂದ ಹೊರಗೆ ಹಾಕೋಕಾಗುತ್ತಾ? ಮರಿ ಹಾರಿದ ಮೇಲೆ ಹಚ್ಚಿದ್ರಾಯ್ತು," ಎಂದೆ.

ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ದೀಪವಿಲ್ಲದ ಮರದ ಕೆಳಗೇ ಪಿಸುಮಾತಾಡುತ್ತ ಚಹಾ ಕುಡಿದರು. ಇಷ್ಟು ಚೆಂದದ ಉದ್ಘಾಟನೆ ನನ್ನ ಯಾವ ಕೃತಿಗೂ ಹಿಂದೆಂದೂ ಆಗಿರಲಿಲ್ಲ.

ಜನ ಹೊರಟ ಮೇಲೆ, ಯಾರಾದರೂ ಮರೆತು ಸ್ವಿಚ್ ಒತ್ತಿಯಾರು ಎಂದು ಫ್ಯೂಸ್ ತೆಗೆದು ಚೀಲಕ್ಕೆ ಹಾಕಿಕೊಂಡೆ.

"ಇಷ್ಟು ಜಾಗ್ರತೆ ಯಾರು ಕಲಿಸಿದ್ದು?" ಗ್ರಂಥಪಾಲಕಿ ಕೇಳಿದರು.

"ನಮ್ಮಪ್ಪ."

"ಹಾಗಾದ್ರೆ ಅವರನ್ನೂ ಕರೀಬೇಕಿತ್ತು ನೀವು."

"ಹೌದು," ಎಂದೆ, "ಕರೀಬೇಕಿತ್ತು."

ಅವರು ಇನ್ನೊಂದು ಲೋಟ ಚಹಾ ತಂದುಕೊಟ್ಟರು. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು, ಗಂಡು ಗುಬ್ಬಿ ಹುಲ್ಲೆಳೆ ಕಚ್ಚಿಕೊಂಡು ಗೂಡಿಗೆ ಬರುವವರೆಗೂ ಕಾದೆವು.

ನಿನ್ನ ಮಗಳು