ಪೋಸ್ಟಮ್ಮನ ಅಣಬೆ ಮೇಜು

ಸೆಪ್ಟೆಂಬರ್ 28, ಭಾನುವಾರ

ಮತ್ತೆ ಐದೂವರೆಗೇ ಬಾಗಿಲು ಬಡಿದಳು. ಮೂರು ದಿನ ಹಿಡಿದಿದ್ದ ಮಳೆ ನಿನ್ನೆ ಸಂಜೆ ಬಿಟ್ಟಿತ್ತು. ದೊಡ್ಡಮ್ಮನಿಗೆ ಅಷ್ಟು ಸಾಕು. ನನಗೆ ವಾರಕ್ಕೊಂದೇ ರಜೆ ಎಂದು ಗೊಣಗಿದೆ. ಅಣಬೆಗೆ ಅದು ಗೊತ್ತಾಗಬೇಕಲ್ಲ ಎಂದಳು. ಎದ್ದೆ.

ಅರವತ್ತೊಂಬತ್ತು ವಯಸ್ಸು ಅವಳಿಗೆ. ಮೂವತ್ತೊಂದು ವರ್ಷ ಊರಾಚೆಯ ಕಾಡುಮನೆಗಳಿಗೆ ಕಾಗದ ಹಂಚಿದ ಕಾಲು. ಬೀದಿಯವರಿಗೆಲ್ಲ ಇನ್ನೂ ಪೋಸ್ಟಮ್ಮನೇ. ನಾನು ಆಸ್ಪತ್ರೆ ಲ್ಯಾಬಿನಲ್ಲಿ ದಿನವಿಡೀ ನಿಂತೇ ಕೆಲಸ ಮಾಡುವವಳು, ಆದರೂ ಅರ್ಧ ಗುಡ್ಡಕ್ಕೇ ಏದುಸಿರು. ಅವಳು ಮೇಲೆ ನಿಂತು ಕಾಯುತ್ತಾಳೆ. ಏನೂ ಅನ್ನುವುದಿಲ್ಲ. ಅಂದಿದ್ದರೇ ವಾಸಿ.

ಮರಗಳನ್ನೆಲ್ಲ ಮನೆ ವಿಳಾಸದ ಹಾಗೆ ನೆನಪಿಟ್ಟಿದ್ದಾಳೆ. ಮುರಿದ ಬೇಲಿ ದಾಟಿ ಮೂರನೇ ಪೈನ್, ಹಿಂಬಾಗಿಲು. ತೊರೆಯ ಪಕ್ಕದ ಬೋಳು ಮರ, ಮಹಡಿ ಮೇಲೆ. ಬಗ್ಗಿ ಎಲೆ ಸರಿಸಿ ನೋಡುತ್ತಾಳೆ — "ಮನೇಲಿ ಯಾರೂ ಇಲ್ಲ" — ಮುಂದೆ ನಡೆಯುತ್ತಾಳೆ. ಮೂರನೇ ಪೈನಿನ ಹಿಂದೆ ಇಡೀ ಸಂಸಾರವೇ ಇತ್ತು. ಬನ್ನಿನಂಥ ಕಂದು ಟೋಪಿ, ದಪ್ಪ ಕಾಲು, ಕೆಳಗೆ ಎಸಳಿನ ಬದಲು ಸ್ಪಂಜಿನಂಥ ಮೆತ್ತೆ. ಹನ್ನೊಂದು! ಒಂದೊಂದನ್ನೂ ಬುಡದಿಂದ ತಿರುಗಿಸಿ ಎತ್ತಿದಳು, ಮಲಗಿದ ಮಗುವಿನ ಕೈ ಬಿಡಿಸಿಕೊಳ್ಳುವ ಹಾಗೆ. ಕತ್ತರಿಸಬಾರದಂತೆ, ಬುಡ ನೋಡದೆ ಯಾವುದನ್ನೂ ಬುಟ್ಟಿಗೆ ಹಾಕಬಾರದಂತೆ. ಗುಳಿಗೆ ಮತ್ತೆ ಎಲೆ ಮುಚ್ಚಿದಳು. ಯಾಕೆ ಎಂದರೆ, ಬಂದುಹೋದವರು ಬಾಗಿಲು ಹಾಕಿ ಹೋಗಬೇಕು ಎಂದಳು.

ಬೆಣ್ಣೆ, ಉಪ್ಪು, ಅಷ್ಟೇ. ಎರಡು ತಟ್ಟೆ ತಿಂದೆ.

ಅಕ್ಟೋಬರ್ 5, ಭಾನುವಾರ

ಇಳಿದು ಬರುವಾಗ ಕೆಳಮನೆಯ ಬೇಕರಿಯವರು ಅಂಗಡಿ ಮೆಟ್ಟಿಲ ಮೇಲೇ ಹಿಡಿದರು. ಬುಟ್ಟಿಯೊಳಗೆ ಇಣುಕಿ, ಒಂದು ದಿನ ನಮ್ಮನ್ನೂ ಕರೆದುಕೊಂಡು ಹೋಗಿ ಎಂದರು. ತಮಾಷೆಯಲ್ಲ, ನಿಜಕ್ಕೂ ಆಸೆ ಕಣ್ಣಲ್ಲಿತ್ತು. ದೊಡ್ಡಮ್ಮ ನಕ್ಕುಬಿಟ್ಟಳು. ಒಡಹುಟ್ಟಿದ ತಂಗಿಗೇ ಹೇಳದ ಜಾಗವನ್ನು ನಿಮಗೆ ಹೇಳುತ್ತೇನೆಯೇ ಎಂದಳು. ತಂಗಿ ಎಂದರೆ ನನ್ನಮ್ಮ. ನಿಜವೇ — ಅಮ್ಮ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಳು.

ಅವರೂ ನಕ್ಕರು. ಮುಖ ಸ್ವಲ್ಪ ಸಣ್ಣಗಾಗಿತ್ತು.

ಅಕ್ಟೋಬರ್ 11, ಶನಿವಾರ

ಬೇಕರಿಯವರು, ನಾನು ಅಕ್ಕ ಎನ್ನುವ ಅವರ ಹೆಂಡತಿ — ಇಬ್ಬರೂ ಆಸ್ಪತ್ರೆಗೆ. ಬೆಳಿಗ್ಗೆ ಏಳರಿಂದ ವಾಂತಿ, ಭೇದಿ. ರಕ್ತ ತೆಗೆಯಲು ನಾನೇ ಹೋದೆ. ಅಕ್ಕನ ಕೈ ತಣ್ಣಗೆ, ನರವೇ ಸಿಗಲಿಲ್ಲ, ಎರಡು ಸಲ ಚುಚ್ಚಬೇಕಾಯಿತು. ಹಳಸಿದ ಕ್ರೀಮಿನದೇ ಇರಬೇಕು ಎಂದು ಡ್ಯೂಟಿ ಡಾಕ್ಟರಿಗೆ ಹೇಳಿದ್ದಾರೆ. ಡ್ರಿಪ್ ಹಾಕಿದ್ದಾರೆ.

ತೋಳಿಗೆ ಪಟ್ಟಿ ಕಟ್ಟುವಾಗ ಬೇಕರಿಯವರು ಮೆಲ್ಲಗೆ ಅಂದರು, ಪೋಸ್ಟಮ್ಮನಿಗೆ ಹೇಳಬೇಡಿ, ನಾವೂ ನಿನ್ನೆ ಗುಡ್ಡಕ್ಕೆ ಹೋಗಿದ್ದೆವು, ಬೆಳ್ಳಗಿನ ಅಣಬೆ, ಎಂಟಕ್ಕೆ ತಿಂದೆವು, ಬಲು ರುಚಿ. ರಾತ್ರಿಯೆಲ್ಲ ಆರಾಮಾಗಿದ್ದೆವು, ಹಾಗಾಗಿ ಇದು ಅದರದ್ದಲ್ಲ. ಹೌದಲ್ಲ ಎಂದುಕೊಂಡೆ. ಟ್ಯೂಬಿಗೆ ಲೇಬಲ್ ಅಂಟಿಸಿ ಬಂದೆ.

ಅಕ್ಟೋಬರ್ 12, ಭಾನುವಾರ, ಸಂಜೆ 6

ಈಗಷ್ಟೇ ಆಸ್ಪತ್ರೆಯಿಂದ ಬಂದೆ. ಮೊದಲಿನಿಂದ ಬರೆಯುತ್ತೇನೆ.

ಈ ಭಾನುವಾರ ರಜೆ ಇಲ್ಲ, ಬೆಳಿಗ್ಗೆ ಡ್ಯೂಟಿ ಬಿದ್ದಿತ್ತು. ವಾರ್ಡಿನಲ್ಲಿ ಇಬ್ಬರೂ ಎದ್ದು ಕೂತು ಟೀ ಕುಡಿಯುತ್ತಿದ್ದರು. ಬೇಕರಿಯವರು ಆಸ್ಪತ್ರೆಯ ಬ್ರೆಡ್ಡನ್ನು ಹಿಸುಕಿ ನೋಡಿ ಹೀಗಳೆಯುತ್ತಿದ್ದರು. ಸಂಜೆ ಮನೆಗೆ ಕಳಿಸುತ್ತಾರಂತೆ. ಊಟಕ್ಕೆ ಬಂದವಳು ದೊಡ್ಡಮ್ಮನಿಗೆ ಖುಷಿ ಸುದ್ದಿ ಎಂದೇ ಹೇಳಿದೆ. ಅಣಬೆಯ ವಿಷಯವನ್ನು ಕೊನೆಗೆ, ನಗಿಸಲು.

ನಗಲಿಲ್ಲ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಎಷ್ಟೊತ್ತಿಗೆ ತಿಂದ್ರು?"

ಎಂಟಕ್ಕೆ ಎಂದೆ.

"ಶುರುವಾಗಿದ್ದು?"

ಏಳಕ್ಕೆ, ಬೆಳಿಗ್ಗೆ. ಬೆರಳಲ್ಲಿ ಎಣಿಸಿದಳು. ಹನ್ನೊಂದು ಗಂಟೆ. ಈಗ ಚೆನ್ನಾಗಿದ್ದಾರೆ ದೊಡ್ಡಮ್ಮ, ಟೀ ಕುಡಿದರು ಎಂದೆ.

"ಅದೇ ಕಣೇ ಕೆಟ್ಟದ್ದು. ತಿಂದ ತಕ್ಷಣ ಕಕ್ಕಿದ್ರೆ ನಾನು ಹೆದರ್ತಿರ್ಲಿಲ್ಲ."

ಚಪ್ಪಲಿ ಹುಡುಕುತ್ತಲೇ ಹೇಳಿದಳು. ಕೆಲಸಕ್ಕೆ ಸೇರಿದ ಒಂಬತ್ತನೇ ವರ್ಷ. ಕಾಡಿನ ಕಾವಲುಗಾರನ ಮನೆ, ಗಂಡ ಹೆಂಡತಿ, ಅವನ ತಮ್ಮ. ಬಿಳಿ ಅಣಬೆ ತಿಂದು ಎರಡು ದಿನ ಹೊಟ್ಟೆ ಕೆಟ್ಟಿತ್ತು, ಈಗ ವಾಸಿ ಎಂದು ಸೋಮವಾರ ನಗುನಗುತ್ತಾ ಸಹಿ ಹಾಕಿ ರಿಜಿಸ್ಟರ್ ಕಾಗದ ತೆಗೆದುಕೊಂಡರಂತೆ. ಗುರುವಾರ ಇನ್ನೊಂದು ಕಾಗದ ಹಿಡಿದು ಹೋದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಮೂವರದ್ದೂ ಮುಗಿದಿತ್ತು. ವಿಷ ಒಳಗೊಳಗೇ ಲಿವರನ್ನು ತಿಂದುಹಾಕಿತ್ತಂತೆ.

ಮೂವತ್ತನಾಲ್ಕು ವರ್ಷ ನನಗೆ, ಇವಳ ಬಾಯಲ್ಲಿ ಈ ಮಾತು ಒಮ್ಮೆಯೂ ಕೇಳಿರಲಿಲ್ಲ.

ಬೇಕರಿಯವರು ಮನೆಯ ಬೀಗದ ಕೈ ನಮ್ಮಲ್ಲೇ ಬಿಟ್ಟುಹೋಗಿದ್ದರು. ದೊಡ್ಡಮ್ಮ ನೇರ ಅಡುಗೆಮನೆಗೆ ನುಗ್ಗಿ ಕಸದ ಡಬ್ಬವನ್ನು ಪೇಪರಿನ ಮೇಲೆ ಕವುಚಿದಳು. ಟೀ ಚರಟ, ಮೊಟ್ಟೆ ಸಿಪ್ಪೆ, ಈರುಳ್ಳಿ. ಮಂಡಿಯೂರಿ ಒಂದೊಂದನ್ನೇ ಬೆರಳಲ್ಲಿ ಬಿಡಿಸಿದಳು. ಕೊನೆಗೆ ಒಂದು ತುಂಡು — ಕತ್ತರಿಸಿ ಎಸೆದ ಬುಡ. ಅದರ ಸುತ್ತ ಒಡೆದ ಮೊಟ್ಟೆಯಂಥ ಬಿಳಿ ಚೀಲ. ಬೆಳಕಿಗೆ ಹಿಡಿದಳು. "ಇದನ್ನೇ ನೋಡ್ಬೇಕಿತ್ತು ಅವರು" ಎಂದಳು. ಅಷ್ಟೇ. ಕಾಗದದಲ್ಲಿ ಸುತ್ತಿದಳು.

ಆಸ್ಪತ್ರೆಯವರೆಗೂ ನನಗಿಂತ ಹತ್ತು ಹೆಜ್ಜೆ ಮುಂದೆ.

ಡ್ಯೂಟಿ ಡಾಕ್ಟರ್ ನನಗಿಂತ ಚಿಕ್ಕವಳು, ಡಿಸ್ಚಾರ್ಜ್ ಕಾಗದ ಬರೆಯುತ್ತಿದ್ದಳು. ತಳ್ಳಿಹಾಕುತ್ತಾಳೆ ಎಂದುಕೊಂಡೆ. ಇಲ್ಲ. ಪೆನ್ನು ಮುಚ್ಚಿ, ದೊಡ್ಡಮ್ಮನಿಗೆ ಕುರ್ಚಿ ಎಳೆದುಕೊಟ್ಟು, ಪೂರ್ತಿ ಕೇಳಿದಳು. ಗಂಟೆಗಳನ್ನು ಬರೆದುಕೊಂಡಳು. ತುಂಡನ್ನು ತಿರುಗಿಸಿ ನೋಡಿದಳು. ಆಮೇಲೆ ನನ್ನತ್ತ ತಿರುಗಿ, ಇಬ್ಬರದೂ ಲಿವರ್ ಟೆಸ್ಟ್, ಈಗಲೇ ಎಂದಳು. ನಿನ್ನೆ ಅದನ್ನು ಯಾರೂ ಕೇಳಿರಲಿಲ್ಲ. ಅಣಬೆ ತಿಂದ ಮಾತು ಗೊತ್ತಿದ್ದವಳು ನಾನೊಬ್ಬಳೇ.

ಮೆಷಿನ್ ಮುಂದೆ ನಲವತ್ತು ನಿಮಿಷ. ನಲವತ್ತರ ಆಸುಪಾಸು ಇರಬೇಕಾದ ಲಿವರ್ ನಂಬರು ಬೇಕರಿಯವರದು 640. ಅಕ್ಕನದು 910. ಇನ್ನೊಮ್ಮೆ ಹಾಕಿದೆ. ಅದೇ.

ನಾಲ್ಕೂವರೆಗೆ ಆಂಬುಲೆನ್ಸ್, ದೊಡ್ಡ ಆಸ್ಪತ್ರೆಗೆ. ಅಲ್ಲಿಯವರೆಗೂ ಬೇಕರಿಯವರು ನಗುತ್ತಲೇ ಇದ್ದರು, ಇಷ್ಟೆಲ್ಲ ಯಾಕೆ, ಆರಾಮಾಗಿದ್ದೀವಲ್ಲ ಎಂದು. ದೊಡ್ಡಮ್ಮ ಅಕ್ಕನ ಕಾಲಿಗೆ ಕಂಬಳಿ ಸರಿಮಾಡಿದಳು.

ಅಕ್ಟೋಬರ್ 14, ಮಂಗಳವಾರ

ಡಾಕ್ಟರ್ ಫೋನ್ ಮಾಡಿ ತಿಳಿದುಕೊಂಡಳು. ಇಬ್ಬರೂ ಐಸಿಯುನಲ್ಲಿ. ಅಕ್ಕನಿಗೆ ಎಚ್ಚರ ಸರಿಯಾಗಿಲ್ಲ. ಭಾನುವಾರ ಮನೆಗೆ ಕಳಿಸಿದ್ದಿದ್ದರೆ... ಎಂದು ಅರ್ಧಕ್ಕೇ ನಿಲ್ಲಿಸಿದಳು. ಆಮೇಲೆ, ನಿಮ್ಮ ದೊಡ್ಡಮ್ಮ ಏನು ಓದಿದ್ದಾರೆ ಎಂದು ಕೇಳಿದಳು. ಬೇರೆಯವರ ವಿಳಾಸ ಎಂದೆ.



ಅಕ್ಟೋಬರ್ 18, ಶನಿವಾರ

ಅಕ್ಕ ಕಣ್ಣು ಬಿಟ್ಟು ಹೆಸರು ಹೇಳಿದರಂತೆ! ನಂಬರುಗಳು ಇಳಿಯುತ್ತಿವೆ. ಲ್ಯಾಬಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಓಡಿಬಂದು ದೊಡ್ಡಮ್ಮನಿಗೆ ಹೇಳಿದೆ. ಗೋಡೆಗೊರಗಿ ಕೂತಳು. ಕೂತಲ್ಲಿಂದಲೇ ಅಂದಳು: "ಕರ್ಕೊಂಡು ಹೋಗಿದ್ರೆ ನನ್ನ ಗಂಟೇನು ಹೋಗ್ತಿತ್ತು?" ತಪ್ಪು ನನ್ನದು, ಶನಿವಾರವೇ ನಿನಗೆ ಹೇಳಬೇಕಿತ್ತು ಎಂದೆ. ತಲೆ ಸವರಿದಳು. ಆ ಕೈ ಎಷ್ಟು ಒರಟು.

ಎದುರುಮನೆಯ ಟೈಲರ್ ತಮ್ಮ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅಂದರಂತೆ: ಮುದುಕಿ ಬೀದಿಗೆಲ್ಲ ಅಣಬೆಯ ಹುಚ್ಚು ಹತ್ತಿಸಿದಳು, ಈಗ ನೋಡಿ. ಅವಳ ಕಿವಿಗೂ ಬಿದ್ದಿದೆ. ಬುಟ್ಟಿ ಅಟ್ಟ ಸೇರಿತು.

ಅಕ್ಟೋಬರ್ 26, ಭಾನುವಾರ

ಎರಡು ದಿನ ಜೋರು ಮಳೆ, ಇವತ್ತು ಎಳೆ ಬಿಸಿಲು. ಐದೂವರೆಗೆ ನನಗೆ ತಾನಾಗೇ ಎಚ್ಚರವಾಯಿತು. ಬಾಗಿಲು ಬಡಿಯಲಿಲ್ಲ. ಕಿಟಕಿಯ ಹತ್ತಿರ ನಿಂತು ಗುಡ್ಡ ನೋಡುತ್ತಿದ್ದಳು. ಬೀದಿಯಲ್ಲಿ ಇಬ್ಬರು ಪ್ಲಾಸ್ಟಿಕ್ ಕವರ್ ಹಿಡಿದು ಗುಡ್ಡದ ಕಡೆಗೆ ಹೋಗುತ್ತಿದ್ದರು. ಇಷ್ಟಾದರೂ! ಅವರು ತಿರುವು ದಾಟುವವರೆಗೂ ಕಣ್ಣು ಕೀಳಲಿಲ್ಲ ದೊಡ್ಡಮ್ಮ.

ನವೆಂಬರ್ 2, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಏಳೂವರೆಗೆ ಮಡಚುವ ಮೇಜನ್ನು ಮೆಟ್ಟಿಲ ಮೇಲೆ ದಡದಡ ಎಳೆದುಕೊಂಡು ಇಳಿದಳು. ಮುಚ್ಚಿದ ಬೇಕರಿಯ ಮುಂದೆ ಹಾಕಿದಳು. ಒಂದು ಕುರ್ಚಿ, ಒಂದು ಚಾಕು, ಕನ್ನಡಕ. ರಟ್ಟಿನ ಮೇಲೆ ದುಂಡಗೆ ಬರೆದಿದ್ದಳು: ತಿನ್ನುವ ಮುಂಚೆ ಅಣಬೆ ಇಲ್ಲಿ ತೋರಿಸಿ. ಭಾನುವಾರ ಎಂಟರಿಂದ ಹನ್ನೊಂದು.

ಒಂದು ಗಂಟೆ ಯಾರೂ ಬರಲಿಲ್ಲ. ಬಂದವರು ಓದಿ, ನೋಡಿ, ಹಾದುಹೋದರು. ಬೆನ್ನು ನೆಟ್ಟಗಿಟ್ಟು ಕೂತೇ ಇದ್ದಳು. ಮೇಲಿನಿಂದ ನೋಡಲಾಗದೆ ನಾನೂ ಪಕ್ಕದಲ್ಲಿ ಹೋಗಿ ನಿಂತೆ.

ಮೊದಲು ಬಂದವರು ಟೈಲರೇ! ಕವರನ್ನು ಮೇಜಿನ ಮೇಲಿಟ್ಟು ಬೇರೆಲ್ಲೋ ನೋಡುತ್ತಾ ನಿಂತರು. ಮಾತಿನ ಲೆಕ್ಕ ತೀರಿಸುತ್ತಾಳೆ ಎಂದು ನಾನು ಕಾದೆ. ಮೊದಲು ಬೈದದ್ದು ಕವರಿಗೆ — ಅದರಲ್ಲಿ ಬೆವೆತು ಕೊಳೆಯುತ್ತವೆ, ಬುಟ್ಟಿ ತನ್ನಿ. ಆಮೇಲೆ ಒಂದೊಂದೇ ತೆಗೆದು ಬುಡ, ಕಾಲು, ಎಸಳು, ವಾಸನೆ. ಬುಡ ಇಲ್ಲದ್ದನ್ನು ನೋಡದೇ ಬದಿಗೆ ತಳ್ಳಿದಳು. ನಲವತ್ತರಲ್ಲಿ ಏಳು ಉಳಿದವು. ಬೇಡವಾದ ಒಂದೊಂದಕ್ಕೂ ಯಾಕೆ ಬೇಡ ಎಂದು ಹೇಳಿದಳು. ಎರಡರ ಬಗ್ಗೆ ಮಾತ್ರ, ನನಗೆ ಗೊತ್ತಿಲ್ಲ, ಹಾಗಾಗಿ ಬೇಡ ಎಂದಳು. ನಡುಬೀದಿಯಲ್ಲಿ ಕೂತು ಅಷ್ಟು ಸಲೀಸಾಗಿ 'ಗೊತ್ತಿಲ್ಲ' ಎಂದವರನ್ನು ನಾನು ಆಸ್ಪತ್ರೆಯಲ್ಲೂ ಕಂಡಿಲ್ಲ.

ಟೈಲರ್ ಮುಖ ಬಾಡಿತು. ಏಳೇ ಏಳಾ ಎಂದರು.

ಆಗ ಅವಳು ಹೇಳಿಬಿಟ್ಟಳು. "ಮುರಿದ ಬೇಲಿ ದಾಟಿ ಮೂರನೇ ಪೈನು. ಹಿಂದುಗಡೆ ನೋಡಿ. ಎಲೆ ಮತ್ತೆ ಮುಚ್ಚಿ ಬನ್ನಿ."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಸ್ವಂತ ತಂಗಿಗೆ ಹೇಳಿರಲಿಲ್ಲ! ಹನ್ನೊಂದರ ಹೊತ್ತಿಗೆ ಮೇಜಿನ ಸುತ್ತ ಹದಿನೈದು ಜನ. ಒಂದು ಕವರಿನಲ್ಲಿ ಅದೇ ಬಿಳಿಯದು ಸಿಕ್ಕಿತು, ಬುಡದ ಚೀಲದ ಸಮೇತ. ಎಲ್ಲರನ್ನೂ ಹತ್ತಿರ ಕರೆದು ತೋರಿಸಿದಳು. ತಂದಾಕೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು, ಮನೆಯಲ್ಲಿ ಎರಡು ಪುಟ್ಟ ಮಕ್ಕಳಿದ್ದಾರಂತೆ. ದೊಡ್ಡಮ್ಮ ಮಾತು ನಿಲ್ಲಿಸಿ ಅವಳಿಗೆ ನೀರು ತರಿಸಿದಳು.

ನವೆಂಬರ್ 9, ಭಾನುವಾರ

ನಿನ್ನೆ ಬೇಕರಿಯವರು ಮನೆಗೆ ಬಂದರು. ಅಂಗಿ ಹ್ಯಾಂಗರಿಗೆ ಹಾಕಿದಂತೆ ತೂಗುತ್ತಿದೆ. ಅಕ್ಕನ ಕೂದಲು ತೆಳ್ಳಗಾಗಿದೆ, ನಗು ಹಾಗೇ ಇದೆ. ಇವತ್ತು ಬೇಕರಿಯವರು ಒಳಗಿನಿಂದ ಶಟರ್ ಎತ್ತಿ ಮೇಜಿನ ಹತ್ತಿರ ಬಂದು ನಿಂತರು.

"ನಿಮ್ಮನ್ನ ಕೇಳಬೇಕಿತ್ತು ಪೋಸ್ಟಮ್ಮ."

"ಕೇಳಿದ್ರಲ್ಲ. ನಾನೇ ನಕ್ಕುಬಿಟ್ಟೆ."

ಅವರು ತಲೆ ತಗ್ಗಿಸಿದರು. ಅವಳು ಕನ್ನಡಕ ಒರೆಸಿಕೊಂಡಳು. ಆಮೇಲೆ ಅವರು ಇನ್ನೊಂದು ಕುರ್ಚಿ ತಂದು ಪಕ್ಕದಲ್ಲೇ ಕೂತು, ಜನರು ತಂದದ್ದನ್ನು ಬೇರೆ ಬೇರೆ ಮಾಡಲು ಕೈಹಾಕಿದರು. ಬಿಳಿಯದೊಂದನ್ನು ಮುಟ್ಟಲು ಹಿಂಜರಿದಾಗ, ಮುಟ್ಟಿದರೆ ಏನೂ ಆಗಲ್ಲ, ತಿರುಗಿಸಿ ಬುಡ ನೋಡಿ ಎಂದಳು. ನೋಡಿದರು.

ನವೆಂಬರ್ 16, ಭಾನುವಾರ

ದೊಡ್ಡಮ್ಮನಿಗೆ ಜ್ವರ. ಮೇಜಿಗೆ ನಾನೇ ಹೋಗಬೇಕೆಂದಳು. ಆಗಲ್ಲ ಎಂದೆ. ಗೊತ್ತಿರುವುದಕ್ಕೆ ಹೂಂ ಅನ್ನು, ಇಲ್ಲದ್ದಕ್ಕೆಲ್ಲ ಬೇಡ ಅನ್ನು ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಆರು ಜನ ಬಂದರು. ನಡೆಯಿತು. ಕೊನೆಗೆ ಶಾಲೆಯ ಮೇಷ್ಟ್ರು ಬುಟ್ಟಿ ತುಂಬ ನೇರಳೆ ಅಣಬೆ ತಂದರು. ಟೋಪಿ, ಎಸಳು, ಕಾಲು, ಎಲ್ಲ ನೇರಳೆ. ನಾನು ಎಂದೂ ಕಂಡದ್ದಲ್ಲ. ಬೇಡ ಎಂದೆ. ಪೂರ್ತಿ ಬುಟ್ಟಿ. ಪಾಪ, ಬೆಳಗಿನಿಂದ ಅಲೆದಿದ್ದರು. ಹಾಗಾದರೆ ನೀವೇ ಎಸೆದುಬಿಡಿ ಎಂದು ಸುರಿದು ಹೋದರು.

ದೊಡ್ಡಮ್ಮನಿಗೆ ತೋರಿಸಿದೆ. ಎದ್ದು ಕೂತಳು. ಮೂಗಿಗೆ ಹಿಡಿದಳು. "ಇದು ವರ್ಷದ ಕೊನೇ ಔತಣ ಕಣೇ," ಎಂದಳು. ನನ್ನ ಮುಖ ನೋಡಿ ಮತ್ತೆ, ನೀನು ಮಾಡಿದ್ದೇ ಸರಿ, ನಾನೂ ಮೊದಲ ವರ್ಷಗಳಲ್ಲಿ ಇಂಥವನ್ನು ಬುಟ್ಟಿಗಟ್ಟಲೆ ಬಿಸಾಕಿದ್ದೇನೆ, ಹೊಟ್ಟೆ ಉರಿಯುತ್ತಿತ್ತು ಎಂದಳು.

ಆದರೂ ತನ್ನ ಮೂಗೊಂದನ್ನೇ ನಂಬಲಿಲ್ಲ. ಇದರ ಹಾಗೇ ಕಾಣುವ ಕೆಟ್ಟದ್ದೂ ಉಂಟಂತೆ. ಒಂದೊಂದರದ್ದೂ ಟೋಪಿ ಕಿತ್ತು ಬಿಳಿ ಹಾಳೆಯ ಮೇಲೆ ಬೋರಲು ಹಾಕಿ ಲೋಟ ಕವುಚಿದಳು. ಹತ್ತೊಂಬತ್ತು ಲೋಟ, ಕಪ್ಪು, ಬಟ್ಟಲು. ಉದುರುವ ಪುಡಿ ತುಕ್ಕಿನ ಬಣ್ಣವಿದ್ದರೆ ಎಸೆಯುವುದು. ಜ್ವರದಲ್ಲಿ, ಶಾಲು ಹೊದ್ದು, ಇಷ್ಟು ತಾಳ್ಮೆ. ನನ್ನ ಲ್ಯಾಬಿನಲ್ಲಿ ಯಾರಿಗಿದೆ?

ನವೆಂಬರ್ 17, ಸೋಮವಾರ, ಸಂಜೆ 7

ಹದಿನೆಂಟು ಹಾಳೆಯ ಮೇಲೆ ತಿಳಿ ಗುಲಾಬಿ ಪುಡಿ, ಚಕ್ರದ ಅರಗಳ ಹಾಗೆ ಸುಂದರ. ಒಂದರ ಮೇಲೆ ಬಣ್ಣ ಯಾವುದೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಅದನ್ನು ಎಸೆದಳು, ಲೋಟವನ್ನು ಎರಡು ಸಲ ತೊಳೆದಳು. ಮೇಷ್ಟ್ರಿಗೆ ಅರ್ಧ ಕಳಿಸಿಯಾಯಿತು, ಚೆನ್ನಾಗಿ ಬೇಯಿಸಿ ಎಂಬ ಚೀಟಿಯ ಜೊತೆ.

ಬೆಣ್ಣೆ ಕರಗಿದ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ಆ 910 ಇನ್ನೂ ಕಣ್ಣ ಮುಂದಿದೆ, ಭಯವೇ ಇಲ್ಲ ಎಂದರೆ ಸುಳ್ಳು. ಒಳಗಿನಿಂದ ಕೂಗುತ್ತಿದ್ದಾಳೆ, ಮೊದಲ ತುತ್ತು ತಾನು ತಿನ್ನುತ್ತಾಳಂತೆ, ನಾನು ನಾಳೆ ತಿಂದರೂ ಆಯಿತಂತೆ. ಎರಡು ತಟ್ಟೆ ಹಾಕು ದೊಡ್ಡಮ್ಮ ಎಂದೆ. ತಟ್ಟೆಯ ಸದ್ದು — ಒಂದು... ಹಾಂ, ಇನ್ನೊಂದು. ಬಂದೆ ಎಂದು ಕೂಗಿದೆ, ಬಿಸಿ ಇರುವಾಗಲೇ ತಿನ್ನಬೇಕು.