ನಕ್ಕರೆ ಮಾತ್ರ ಫೋಟೊ

ಶಶಿ,

ಅವ್ವನ ತಿಥಿಗೆ ಫೋಟೊ ದೊಡ್ಡದು ಮಾಡಿಸಲು ಕೆ.ಆರ್. ಪೇಟೆಗೆ ಹೋಗುತ್ತಿದ್ದೇನೆ. ಹೊಸಹೊಳಲು ಗುಡಿ ಮುಂದೆ ಹುಬ್ಬು ಗಂಟಿಕ್ಕಿ ನಿಂತಿದ್ದಾಳಲ್ಲ, ಅಪ್ಪ ತೆಗೆದದ್ದು, ಅದೇ. ಬೇರೆ ಇಲ್ಲವಲ್ಲ.

ಮುದ್ದೆ ಮುಚ್ಚಿಟ್ಟಿದ್ದೇನೆ, ಉಣ್ಣು. ಹಸುವಿಗೆ ಹುಲ್ಲು ಹಾಕು.

ನಿನ್ನ ಹೊಸ ಕ್ಯಾಮೆರಾ ಕೆಟ್ಟಿಲ್ಲವಂತೆ. ನಿನ್ನೆ ಸ್ಟುಡಿಯೋದವರು ನೋಡಿದರು. ಅದರ ನೂರೆಂಟು ಸೆಟ್ಟಿಂಗಿನಲ್ಲಿ ಒಂದು ಆನ್ ಆಗಿಬಿಟ್ಟಿದೆಯಂತೆ, ಎದುರಿಗಿರುವವರು ನಕ್ಕರೆ ಮಾತ್ರ ಫೋಟೊ ತೆಗೆಯುತ್ತದಂತೆ. ಆವತ್ತು ನೀನು ಫೋಟೊ ತೆಗೆಯುತ್ತೀಯೆಂದು ಅವ್ವ ರೇಷ್ಮೆ ಸೀರೆ ಉಟ್ಟು ಜಗಲಿಯಲ್ಲಿ ಕೂತೇ ಇದ್ದಳು. "ಇನ್ನೂ ಆಗ್ನಿಲ್ವೇನ್ಲಾ, ಸೊಂಟ ನೋಯ್ತದೆ" ಅಂದಳು. ಅದು ಕ್ಲಿಕ್ ಅನ್ನಲೇ ಇಲ್ಲ. ಅಪ್ಪ ಹೋದಮೇಲೆ ಅವಳು ನಕ್ಕಿದ್ದು ನೀನು ನೋಡಿದ್ದೀಯಾ?

ಅಪ್ಪನ ಕ್ಯಾಮೆರಾದಲ್ಲಿ ಇದ್ದದ್ದು ಒಂದೇ ಗುಂಡಿ. ಒತ್ತಿದರೆ ಅಳುವವರೂ ಫೋಟೊದಲ್ಲಿ ಬರುತ್ತಿದ್ದರು.

ನಿನ್ನ ಮೇಲೆ ಸಿಟ್ಟಿಲ್ಲ ಕಣ್ಲಾ. ಆದರೆ ತಿಥಿ ದಿನ ನಿನ್ನ ಕ್ಯಾಮೆರಾ ಹೊರಗೆ ತೆಗೆಯಬೇಡ. ಅದರ ಮುಂದೆ ನಗುವವರು ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲ.

ಅಕ್ಕ