ಬೆಂಚಿನ ಬಲತುದಿ

ಅಂಗಡಿಯಿಂದ,
ಮಾರ್ಚ್ ಹನ್ನೆರಡು, ಸಂಜೆ

ಪ್ರೀತಿಯ ಅಕ್ಕಾ,

ಹಲಗೆ ಹಳೆಯ ಬಾಗಿಲಿನದು, ಸೊನ್ನೆ. ಬಡಗಿಯ ಕೂಲಿ ಇನ್ನೂರು. ಮೊದಲ ವರ್ಷದ ಶುಲ್ಕ ಸಾವಿರದ ಎಂಟುನೂರು, ಎರಡನೆಯ ವರ್ಷದ್ದು ಎರಡು ಸಾವಿರದ ಏಳುನೂರು, ದಂಡ ಐನೂರು, ಅರ್ಜಿಗೆ ಅಂಟಿಸಿದ ಫೋಟೋಗಳಿಗೆ ಅರವತ್ತು, ಕಚೇರಿಯ ಸಾಲಿನಲ್ಲಿ ನಿಲ್ಲಲು ಅಂಗಡಿ ಮುಚ್ಚಿದ್ದರಿಂದ ಆದ ನಷ್ಟ ಸಾವಿರದ ಇನ್ನೂರು. ಒಟ್ಟು ಆರು ಸಾವಿರದ ನಾನೂರ ಅರವತ್ತು. ನಮ್ಮ ಅಂಗಡಿಯ ಮುಂದಿನ ಬೆಂಚಿಗೆ ಇದುವರೆಗೆ ಆದ ಖರ್ಚು ಇದು. ಇಷ್ಟು ಕೊಟ್ಟ ಮೇಲೂ ಬೆಂಚು ಬೀದಿಯಲ್ಲಿಲ್ಲ.

ಕುಶಲ ಕೇಳುವ ಮೊದಲೇ ಲೆಕ್ಕ ಒಪ್ಪಿಸಿದನಲ್ಲ ಈ ಪುಣ್ಯಾತ್ಮ ಎಂದು ನೀನು ಕನ್ನಡಕ ತೆಗೆದು ಒರೆಸುತ್ತಿರುತ್ತೀಯ. ತಡಿ, ಕೇಳುತ್ತೇನೆ. ಎರಡನೆಯ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುತ್ತೀಯಾ, ಇಲ್ಲ ಮಗಳು ಇನ್ನೂ ಕೈ ಹಿಡಿಯಬೇಕಾ? ವ್ಯಾಯಾಮ ಮಾಡದೆ ಮಾಡಿದೆ ಎಂದು ಡಾಕ್ಟರಿಗೆ ಹೇಳಬೇಡ. ಜೀವಮಾನವಿಡೀ ಮಕ್ಕಳ ಸುಳ್ಳು ಹಿಡಿದ ಹೆಡ್‌ಮಿಸ್ಟ್ರೆಸ್ ನೀನು, ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ನಾನು ಚೆನ್ನಾಗಿದ್ದೇನೆ. ಹೊಲಿಗೆ ಯಂತ್ರಗಳು ಮೊದಲಿನಂತೆಯೇ ಕೆಡುತ್ತವೆ, ನಾನು ಮೊದಲಿನಂತೆಯೇ ಸರಿಮಾಡುತ್ತೇನೆ. ಆದರೆ ಸಂಜೆ ಐದಾದ ಮೇಲೆ ಕೈಗೆ ಕೆಲಸ ಇರುತ್ತದೆ, ಬಾಯಿಗೆ ಇರುವುದಿಲ್ಲ. ಮೊನ್ನೆ ಒಂದು ಯಂತ್ರಕ್ಕೆ ಎಣ್ಣೆ ಬಿಡುತ್ತಾ “ಹೇಳಮ್ಮ, ಎಲ್ಲಿ ನೋವು?” ಎಂದು ಕೇಳಿಬಿಟ್ಟೆ. ಅದು ಉತ್ತರ ಕೊಡಲಿಲ್ಲ ಎಂದು ನನಗೆ ಸಿಟ್ಟೂ ಬಂತು!

ನೀನು ಮೊದಲ ಮೊಣಕಾಲಿನ ಆಪರೇಷನ್‌ಗೆಂದು ಮಗಳ ಊರಿಗೆ ಹೋದ ವಾರವೇ ನಗರಸಭೆಯವರು ಬಂದರು. ಬೀದಿಯಲ್ಲಿ ಇಟ್ಟ ಆಸನಕ್ಕೆಲ್ಲ ಬಳಕೆ ಶುಲ್ಕವಂತೆ. ಟೇಪು ಹಿಡಿದ ಇನ್‌ಸ್ಪೆಕ್ಟರು ಆರಡಿ ಎಂದು ಬರೆದುಕೊಂಡು, “ಇಲ್ಲಿ ಕೂತೋರು ಏನ್ ಮಾಡ್ತಾರೆ?” ಎಂದ. ಮಾತಾಡ್ತಾರೆ ಸಾರ್ ಎಂದೆ. “ಮಾತಿಗೆ ದುಡ್ಡು ತಗೋತೀರಾ?” ಎಂದ. ತಗೊಂಡಿದ್ರೆ ಇಷ್ಟೊತ್ತಿಗೆ ನಿಮ್ಮ ಕಚೇರೀನೇ ಕೊಂಡ್ಕೊಂಡಿರ್ತಿದ್ದೆ ಎಂದೆ. ಅವನೂ ನಕ್ಕ, ಪಾಪ. ನಗುತ್ತಲೇ ರಸೀದಿ ಹರಿದುಕೊಟ್ಟ. ನಾನು ಕೊಟ್ಟೆ. ನೀನು ವಾಪಸ್ ಬರುವಾಗ ಬೆಂಚು, ಅದರಲ್ಲಿ ನಿನ್ನ ಬಲತುದಿ, ಅಲ್ಲೇ ಇರಬೇಕಿತ್ತು.

ಮರುವರ್ಷ ಬಂದವನು ಬೇರೆ, ಟೇಪೂ ಬೇರೆ. ಈ ಸಲ ಬೆಂಚು ಆರೂಕಾಲು ಅಡಿಯಾಯಿತು. ಸತ್ತ ಮರ ಬೆಳೆಯುವುದನ್ನು ನಮ್ಮ ನಗರಸಭೆ ಮಾತ್ರ ಕಂಡಿದೆ ಅಕ್ಕಾ. ಕಾಲು ಅಡಿ ಮುಚ್ಚಿಟ್ಟೆ ಎಂದು ದಂಡ ಹಾಕಿದರು. ಶುಲ್ಕವೂ ಒಂದೂವರೆ ಪಟ್ಟು. ಯಾಕೆ ಏರಿತು ಎಂದು ಕೇಳಿದೆ. ಅಳೆಯುವವರನ್ನು ಹೊಸದಾಗಿ ತಗೊಂಡಿದ್ದೇವೆ, ಅವರ ಸಂಬಳಕ್ಕೆ ಎಂದರು. ಅಂದರೆ, ನನ್ನನ್ನು ಅಳೆಯುವುದಕ್ಕೆ ಆಗುವ ಖರ್ಚನ್ನು ನಾನೇ ಕೊಡಬೇಕು, ಅದನ್ನು ವಸೂಲಿ ಮಾಡುವುದಕ್ಕೆ ಇನ್ನೊಬ್ಬ, ಅವನು ಸರಿಯಾಗಿ ವಸೂಲಿ ಮಾಡಿದನಾ ಎಂದು ನೋಡುವುದಕ್ಕೆ ಮತ್ತೊಬ್ಬ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಅದನ್ನೂ ಕಟ್ಟಿದೆ. ಮೂರನೆಯ ವರ್ಷಕ್ಕೆ ಅಕ್ಕಪಕ್ಕದವರ ಒಪ್ಪಿಗೆ ಪತ್ರ ಬೇಕೆಂದಾಗ ಬೆಂಚನ್ನು ಎತ್ತಿ ಹಿತ್ತಿಲಿಗೆ ಹಾಕಿದೆ.

ನಮ್ಮ ಕಂಡಕ್ಟರ್ ಮಾರನೆಯ ದಿನ ಬಂದು ನಿಂತ. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಹರಟಿದ. “ಬಸ್ಸಲ್ಲಿ ಜೀವನಪೂರ್ತಿ ನಿಂತೇ ಇದ್ದೆ ಮಾರಾಯಾ. ರಿಟೈರ್ ಆಗಿದ್ದೇ ಕೂರೋಕೆ,” ಎಂದು ಹೊರಟುಹೋದ. ಆಮೇಲೆ ತಿಂಗಳುಗಟ್ಟಲೆ ಅವನೂ ಬರಲಿಲ್ಲ.

ಕೇಳು, ತಮಾಷೆ ಇನ್ನೂ ಮುಗಿದಿಲ್ಲ. ಆರು ತಿಂಗಳು ಕಳೆಯುವುದರೊಳಗೆ ಇದೇ ಬೀದಿಯ ಕೊನೆಯಲ್ಲಿ ‘ಹಿರಿಯರ ಒಡನಾಟ ಕೇಂದ್ರ’ ಎಂಬ ಬೋರ್ಡು ಎದ್ದಿತು. ಊರಲ್ಲಿ ವಯಸ್ಸಾದವರು ಒಂಟಿಯಾಗುತ್ತಿದ್ದಾರೆ ಎಂದು ಯಾವುದೋ ಸಮಿತಿ ವರದಿ ಕೊಟ್ಟಿತಂತೆ. ಅದಕ್ಕೆ ಅಂಗಡಿಗಳ ಮೇಲೆ ಒಡನಾಟ ಉಪಕರ ಬೇರೆ. ದುಡ್ಡು ಕೊಟ್ಟಿದ್ದೇನಲ್ಲ, ಸರಕು ನೋಡೋಣ ಎಂದು ಹೋದೆ. ಬಾಗಿಲಲ್ಲಿ ಹೆಸರು ಬರೆಸಿ ಟೋಕನ್ ಪಡೆಯಬೇಕು. ಒಳಗೆ ಸಾಲು ಕುರ್ಚಿ, ನೆಲಕ್ಕೆ ಬೋಲ್ಟು ಹಾಕಿದ್ದು, ಎಲ್ಲವೂ ಕೌಂಟರಿನ ಕಡೆ ಮುಖ ಮಾಡಿದ್ದು. ಪಕ್ಕದವರ ಮುಖ ನೋಡಬೇಕೆಂದರೆ ಕತ್ತು ಉಳುಕಬೇಕು. ಅಷ್ಟಕ್ಕೂ ನೋಡುವುದಕ್ಕೆ ಪಕ್ಕದಲ್ಲಿ ಯಾರೂ ಇರಲಿಲ್ಲ. ಕೌಂಟರಿನ ಹುಡುಗಿ ಒಳ್ಳೆಯವಳು. “ಯಜಮಾನ್ರೇ, ಯಾರ ಜೊತೆ ಮಾತಾಡ್ಬೇಕಿತ್ತು?” ಎಂದಳು. ನಿನ್ನ ಹೆಸರು ನಾಲಿಗೆ ತುದಿಗೆ ಬಂತು. “ನೀವೇ ಮೊದಲನೆಯವರು ಈ ವಾರ, ಸ್ವಲ್ಪ ಹೊತ್ತು ಕೂತಿರಿ,” ಎಂದು ಅವಳೇ ಕೇಳಿಕೊಂಡಳು. ಐದಕ್ಕೆ ಬೀಗ ಹಾಕಿದರು. ನಮ್ಮ ಹರಟೆ ಶುರುವಾಗುತ್ತಿದ್ದದ್ದೇ ಐದಕ್ಕೆ.

ನಿನ್ನ ಮಾತು ನನಗೆ ಬಾಯಿಪಾಠ. “ತೆರಿಗೆ ಇಲ್ದೆ ಊರು ನಡೆಯುತ್ತೇನೋ ತಮ್ಮಾ? ನಾನು ಪಾಠ ಮಾಡಿದ ಶಾಲೆ ನಿನ್ನ ಗಲ್ಲಾಪೆಟ್ಟಿಗೆಯಿಂದ ಎದ್ದಿದ್ದಾ?” ನಡೆಯುವುದಿಲ್ಲ, ಒಪ್ಪಿದೆ. ಶಾಲೆ ಬೇಕು, ದೀಪ ಬೇಕು, ನಿನ್ನ ಮೊಣಕಾಲು ಜೋಡಿಸಿದ ದೊಡ್ಡಾಸ್ಪತ್ರೆ ಬೇಕು. ಅದಕ್ಕೆ ಕೊಡುವಾಗ ನನ್ನ ಕೈ ಹಿಂದೆ ಸರಿದದ್ದಿಲ್ಲ. ಆದರೆ ನನ್ನ ಹತ್ತಿರ ಬರುವ ಯಂತ್ರಗಳಲ್ಲಿ ಅರ್ಧಕ್ಕರ್ಧ ಸವೆದು ಕೆಟ್ಟವಲ್ಲ, ಯಾರೋ ಕಂಡ ತಿರುಪನ್ನೆಲ್ಲ ಬಿಗಿದು ಕೆಟ್ಟವು. ದಾರ ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತದೆ, ಇನ್ನೂ ಬಿಗಿದರೆ ದಾರವೇ ಹರಿಯುತ್ತದೆ. ನಾನು ಮಾಡುವ ರಿಪೇರಿ ಬಹುಪಾಲು ಸಡಿಲ ಬಿಡುವುದಷ್ಟೇ. ಸರ್ಕಾರಕ್ಕೂ ಅದೇ ಮದ್ದು. ಜನ ತಾವೇ ಮಾಡಿಕೊಳ್ಳುವುದನ್ನು ಅವರ ಪಾಡಿಗೆ ಬಿಡಲಿ, ಜನರ ಕೈಯಲ್ಲಾಗದ್ದನ್ನು ಅಚ್ಚುಕಟ್ಟಾಗಿ ಮಾಡಲಿ, ಉಳಿದ ದುಡ್ಡು ಗಳಿಸಿದವನ ಜೇಬಲ್ಲೇ ಇರಲಿ. ಅವನು ಅದರಲ್ಲಿ ಒಂದು ಬೆಂಚು ಮಾಡಿಸುತ್ತಾನೆ. ಪುಕ್ಕಟೆ ಸಿಗುತ್ತಿದ್ದದ್ದನ್ನು ಕಿತ್ತುಕೊಂಡು, ಅದರ ಬದಲಿಗೆ ಇಲಾಖೆ ಕಟ್ಟಿ, ಅದಕ್ಕೂ ನನ್ನ ಹತ್ತಿರವೇ ಕೈಚಾಚಿದರೆ ನಾನು ಯಾವ ಕಾಲಂನಲ್ಲಿ ಬರೆದುಕೊಳ್ಳಲಿ?

ಈ ಸಲ ನೀನು ಸೋತೆ ಅಕ್ಕಾ. ಇಷ್ಟು ವರ್ಷದ ಜಗಳದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಗೆದ್ದಿದ್ದೇನೆ. ಆದರೆ ಗೆದ್ದದ್ದಕ್ಕೆ ರುಚಿ ಬರಬೇಕಾದರೆ ಸೋತವರು ಎದುರಿಗಿದ್ದು “ಅದು ಹಾಗಲ್ಲ ಕಣೋ” ಎನ್ನಬೇಕು. ನಿನ್ನ ಕಳೆದ ಪತ್ರದ ಒಂದು ಸಾಲು ಎದೆಯಲ್ಲಿ ಮುಳ್ಳಿನಂತೆ ಕೂತಿದೆ. ಮಗಳು ಇಲ್ಲೇ ಇದ್ದುಬಿಡು ಅನ್ನುತ್ತಾಳೆ, ಅಲ್ಲಿಗೆ ಬಂದು ಎಲ್ಲಿ ಕೂರಲಿ, ಬೆಂಚೂ ಇಲ್ಲವಲ್ಲ ಎಂದು ಬರೆದೆ. ಬೆಂಚಿನ ಮಾತನ್ನು ನೀನು ತಮಾಷೆಗೆ ಬರೆದಿರಬಹುದು. ನಾನು ತಮಾಷೆಗೆ ಓದಲಿಲ್ಲ.

ಸೊಸೆಗೆ, ಅಲ್ಲ, ನಿನ್ನ ಮಗಳಿಗೆ ನನ್ನ ಆಶೀರ್ವಾದ. ನನ್ನ ಮಗನಿಗೆ ಅವಳನ್ನು ತರಬೇಕೆಂದಿದ್ದು ನನಗಿನ್ನೂ ಮರೆತಿಲ್ಲ, ನೋಡು. ಅಳಿಯನಿಗೆ ನಾನು ಕೇಳಿದೆ ಎಂದು ಹೇಳು. ಔಷಧಿ ಬಿಡಬೇಡ.

ನಿನ್ನ ಪಾದಕ್ಕೆ ಬಿದ್ದು,
ತಮ್ಮ

ಮರೆತಿದ್ದೆ, ಅಂಚೆಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಂಚನ್ನು ನಿನ್ನೆ ಹಿತ್ತಿಲಿಂದ ತಂದು ಅಂಗಡಿಯ ಒಳಗೆ ಹಾಕಿದೆ. ಜಾಗಕ್ಕಾಗಿ ಎರಡು ಯಂತ್ರ ಮಾರಿದೆ. ಹೊಸ ಮೊಣಕಾಲಿಗೆ ತಗ್ಗಿನಲ್ಲಿ ಕೂರುವುದು ಕಷ್ಟವೆಂದು ಬಡಗಿಯಿಂದ ಕಾಲುಗಳನ್ನು ನಾಲ್ಕು ಬೆರಳು ಎತ್ತರ ಮಾಡಿಸಿದೆ. ಸದ್ಯದ ಲೆಕ್ಕ ಹೀಗಿದೆ. ನಗರಸಭೆಗೆ ಈ ವರ್ಷ ಬೆಂಚಿನಿಂದ ಸಿಕ್ಕಿದ್ದು: ಸೊನ್ನೆ. ಕೇಂದ್ರದ ಹುಡುಗಿಗೆ: ಐದರ ಮೇಲೆ ಇಲ್ಲಿ ನಡುವೆ ಒಂದು ಜಾಗ. ಕಂಡಕ್ಟರಿಗೆ: ಎಡತುದಿ, ಅವನ ಕಾಲು ನೆಲ ಮುಟ್ಟುವುದಿಲ್ಲ, ಬೈಯುತ್ತಾನೆ. ನನಗೆ: ಅರ್ಧ ಹರಟೆ. ಬಲತುದಿ: ಖಾಲಿ.